ಬಸುರಿ-ಬಾಣಂತಿಯರ ಮೂತ್ರಪಿಂಡಗಳ ರಕ್ಷಣೆ

(ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಲ್ಲಿ ತಲೆತಲಾಂತರದಿಂದ ನೆಲೆಸಿರುವ ನಾವು ಕನ್ನಡದ ಉಳಿವನ್ನು ಕುರಿತು ಇಂತಹ ಸಭೆಗಳಲ್ಲಿ ಅನೇಕ ಸಲ ಚಿಂತಿಸಿದ್ದೇವೆ. ಮಗುವಿಗೆ ಕನ್ನಡದ ಮೊದಲ ಮಾತನ್ನು ಕಲಿಸುವವಳು ತಾಯಿ. ಆ ತಾಯಿಯ ಪ್ರಾಣರಕ್ಷಣೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡುವದು ಇಲ್ಲಿ ಅಪ್ರಸ್ತುತವಾಗಲಾರದೆಂದು ನಂಬಿ, ಬಸಿರು-ಬಾಣಂತನಗಳಲ್ಲಿ ಮೂತ್ರಪಿಂಡಗಳಿಗೆ ಒಮ್ಮೆಲೆ ಒದಗುವ ಆಘಾತವನ್ನು ಇಂದಿನ ವಿಷಯವನ್ನಾಗಿ ಆರಿಸಿಕೊಂಡಿದ್ದೇವೆ. ಹೆರಿಗೆಯಲ್ಲಿ ಬಹಳ ರಕ್ತ ಹೋಯಿತು, ನಂಜೇರಿತು ಎಂಬ ಮಾತುಗಳನ್ನು ನಾವೆಲ್ಲರೂ ಕೇಳಿದವರೇ. ಆದರೆ ಅದರ ಬೆನ್ನಿಗೇ ಸದ್ದಿಲ್ಲದೆ ಕೆಲಸ ನಿಲ್ಲಿಸುವ ಮೂತ್ರಪಿಂಡಗಳ ಸಂಗತಿಯನ್ನು ಅರಿತವರು ವಿರಳ.

ಬೆನ್ನಿನ ಇಕ್ಕೆಲಗಳಲ್ಲಿರುವ ಈ ಎರಡು ಪಿಂಡಗಳಲ್ಲಿ ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಅವು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ದೇಹಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಬಸಿರಿನಲ್ಲಿ ತಾಯಿ-ಮಗುಗಳಿಬ್ಬರ ಕಶ್ಮಲವನ್ನೂ ಕಳೆಯಬೇಕಾಗುವದರಿಂದ ಸೋಸುವ ಈ ಕೆಲಸ ಸುಮಾರು ಒಂದೂವರೆ ಪಟ್ಟಾಗುತ್ತದೆ. ಆದುದರಿಂದ ಗರ್ಭಿಣಿಯ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲದ ಪ್ರಮಾಣ ಎಂದಿಗಿಂತ ಕಡಿಮೆಯಿರಬೇಕು. 100 ಮಿಲಿಲೀಟರಿನಲ್ಲಿ 0.9 ಮಿಲಿಗ್ರಾಂ ಇದ್ದರೆ ಇತರ ಹೆಂಗಸರಿಗೆ ಅದು ಸಹಜ. ಗರ್ಭಿಣಿಯಲ್ಲಿ ಅದೇ ಅಂಕಿ ಸಂಶಯಕ್ಕೆ ಕಾರಣ. ಪರೀಕ್ಷೆಯ ಚೀಟಿಯ ಮೇಲೆ ‘ಸಹಜ’ ಎಂದು ಅಚ್ಚಾಗಿದ್ದರೂ ವೈದ್ಯರಿಗೆ ‘ಇವಳು ಗರ್ಭಿಣಿ’ ಎಂದು ತಿಳಿಸಿ ಕೇಳಬೇಕಾದುದು ಇದಕ್ಕಾಗಿಯೇ.

ಈ ಆಘಾತದ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ರಕ್ತಸ್ರಾವ. ತುಂಬಿದ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡದಿದ್ದರೆ ಎಷ್ಟು ರಕ್ತ ಎಷ್ಟು ಬೇಗ ಹೋದೀತೆಂಬುದನ್ನು ಇದರಿಂದಲೇ ಊಹಿಸಬಹುದು. ಎರಡನೆಯದು, 20 ವಾರಗಳ ತರುವಾಯ ರಕ್ತದೊತ್ತಡವೇರಿ, ಮೂತ್ರದಲ್ಲಿ ಸಸಾರಜನಕ ಹೋಗಿ, ಕೆಲವೊಮ್ಮೆ ಸೆಳವಿನಲ್ಲಿ ಪರ್ಯವಸಾನ ಹೊಂದುವ ಗರ್ಭಾವಸ್ಥೆಯ ನಂಜು. ಮೂರನೆಯದು ಸೋಂಕು, ಅಪಾತ್ರರ ಕೈಯಿಂದ ಮಾಡಿಸಿದ ಗರ್ಭಪಾತ ಇದಕ್ಕೆ ಹಳೆಯ ಕಾರಣ. ನಾಲ್ಕನೆಯದು, ವಾಂತಿ-ಭೇದಿಗಳಿಂದ ದೇಹದ ನೀರು ಬತ್ತುವದು. ಮೊದಲ ತಾಸುಗಳಲ್ಲಿ ಮೂತ್ರಪಿಂಡ ರಕ್ತದ ಕೊರತೆಯಿಂದ ಬಳಲುತ್ತದೆಯೇ ಹೊರತು ಸಾಯುವದಿಲ್ಲ. ರಕ್ತವನ್ನೋ ದ್ರವವನ್ನೋ ಸಕಾಲಕ್ಕೆ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ತಡವಾದರೆ ಒಳಗಿನ ನಾಳಗಳು ಕೆಡುತ್ತವೆ; ಅವು ಕೂಡ ಕೆಲವು ವಾರಗಳಲ್ಲಿ ಮತ್ತೆ ಬೆಳೆಯಬಲ್ಲವು. ಇನ್ನೂ ತಡವಾದರೆ ಪಿಂಡದ ಹೊರಪದರವೇ ಸತ್ತುಹೋಗುವ ಸಂಭವವುಂಟು. ಸತ್ತ ಭಾಗ ಮರಳಿ ಬರಲಾರದು.

ಆದುದರಿಂದ ಇದು ಹಣೆಬರಹದ ಬೇನೆಯಲ್ಲ, ತಡವಾಗುವದರಿಂದ ಬರುವ ಬೇನೆ. ವೈದ್ಯಸೌಕರ್ಯ ಸುಲಭವಾದ ದೇಶಗಳಲ್ಲಿ ಇದು ಅಪರೂಪವಾಗಿಬಿಟ್ಟಿದೆ. ನಮ್ಮ ದೇಶದಲ್ಲಿಯೂ ಇಳಿಯುತ್ತ ಬಂದಿದೆ. ವಾರಾಣಸಿಯ ಹಿಂದೂ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1982ರಿಂದ 1991ರ ವರೆಗೆ ಮೂತ್ರಪಿಂಡಗಳ ತೀವ್ರ ವೈಫಲ್ಯಕ್ಕೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 15 ಜನ ಬಸುರಿ-ಬಾಣಂತಿಯರಿದ್ದರು. ಮುಂದಿನ ದಶಕದಲ್ಲಿ ಅದು ನೂರಕ್ಕೆ 10ಕ್ಕೆ ಇಳಿಯಿತು. 1971ರ ಗರ್ಭಪಾತದ ಕಾಯಿದೆ ಸುರಕ್ಷಿತ ದಾರಿಯನ್ನು ತೆರೆದುದೂ ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದುದೂ ಇಂತಹ ಇಳಿತಕ್ಕೆ ಸಹಾಯಕ. ಕಡಿಮೆ ಮಾಡಲು ಬಂದುದನ್ನು ಇನ್ನೂ ಕಡಿಮೆ ಮಾಡಲು ಬಂದೀತು.

ತಡವೆಂಬುದು ಎಲ್ಲಿ ಹುಟ್ಟುತ್ತದೆ? 1994ರಲ್ಲಿ ಥೇಡಿಯಸ್ ಮತ್ತು ಮೇನ್ ಎಂಬ ವಿದ್ವಾಂಸರು ಅದನ್ನು ಮೂರಾಗಿ ವಿಂಗಡಿಸಿದರು: ಹೋಗಬೇಕೆಂದು ನಿರ್ಧರಿಸುವಲ್ಲಿ ತಡ, ಆಸ್ಪತ್ರೆಯನ್ನು ಮುಟ್ಟುವಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ದೊರೆಯುವಲ್ಲಿ ತಡ.

ಮೊದಲನೆಯದು ಮನೆಯಲ್ಲಿಯೇ ಹುಟ್ಟುವಂಥದು. ಹೆರಿಗೆಯಲ್ಲಿ ರಕ್ತ ಹೋಗುವದು ಸಹಜವೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಎಷ್ಟು ಹೋದರೆ ಅಸಹಜವೆಂಬುದನ್ನು ಕಣ್ಣಳತೆಯಿಂದ ಹೇಳುವದು ನುರಿತವರಿಗೂ ಕಷ್ಟ. ಇದಕ್ಕೆ ಉತ್ತರ ನಮ್ಮ ನೆರೆಯ ಬೆಳಗಾವಿಯಿಂದಲೇ ಬಂದಿತೆಂಬುದು ಅಭಿಮಾನದ ಸಂಗತಿ. 2002ರಿಂದ 2005ರ ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ಅಳತೆಯ ಗೆರೆಗಳುಳ್ಳ ಚೀಲವಿದ್ದ ಹಾಸನ್ನು ಬಾಣಂತಿಯ ಕೆಳಗಿಟ್ಟು ರಕ್ತವನ್ನು ಅಳೆಯಲಾಯಿತು. ದಾದಿಯರು ಹೆರಿಗೆಯಾದೊಡನೆ ಅರ್ಧದಷ್ಟು ಜನರಿಗೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. ಅರ್ಧ ಲೀಟರು ಮೀರಿದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಅಂಥದೇ ಅಳತೆಯ ಹಾಸನ್ನು ತ್ವರಿತ ಚಿಕಿತ್ಸೆಯೊಡನೆ ಜೋಡಿಸಿ ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ರಕ್ತಸ್ರಾವದ ಘೋರ ಪರಿಣಾಮಗಳು ನೂರಕ್ಕೆ 60ರಷ್ಟು ತಗ್ಗಿದ್ದವು. ಒಂದು ಹಾಸು, ಒಂದು ಗುಳಿಗೆ, ಅಳೆದು ನೋಡುವ ಕಣ್ಣು: ಇವು ಶ್ರೀಮಂತರ ಸಾಧನಗಳಲ್ಲ.

ಎರಡನೆಯ ಮತ್ತು ಮೂರನೆಯ ತಡಗಳಲ್ಲಿ ಗಡಿನಾಡಿನವರಾದ ನಮ್ಮ ಪಾಲು ವಿಶೇಷವಾಗಿದೆ. ಚೊಚ್ಚಲ ಹೆರಿಗೆ ತವರುಮನೆಯಲ್ಲಾಗಬೇಕೆಂಬುದು ನಮ್ಮ ಪದ್ಧತಿ. ಕುಬುಸದ ಕಾರ್ಯ ಮುಗಿಸಿಕೊಂಡು ಮಗಳು ಇಂಡಿಯಿಂದ ಅಕ್ಕಲಕೋಟೆಗೆ, ಜತ್ತದಿಂದ ವಿಜಯಪುರಕ್ಕೆ ಬರುತ್ತಾಳೆ. ರಾಜ್ಯ ಬದಲಾಗುತ್ತದೆ, ವೈದ್ಯರು ಬದಲಾಗುತ್ತಾರೆ, ಕಾರ್ಡಿನ ಭಾಷೆಯೂ ಬದಲಾಗುತ್ತದೆ. ಆರನೆಯ ತಿಂಗಳಲ್ಲಿ ರಕ್ತದೊತ್ತಡ ಎಷ್ಟಿತ್ತೆಂಬುದು ಅತ್ತೆಯ ಮನೆಯ ಕಪಾಟಿನಲ್ಲಿ ಉಳಿದುಬಿಟ್ಟರೆ, ಎಂಟನೆಯ ತಿಂಗಳ ಏರಿಕೆ ಹೊಸದೋ ಹಳೆಯದೋ ಎಂದು ತಿಳಿಯುವ ಬಗೆಯೆಂತು? ಆಸ್ಪತ್ರೆಯಲ್ಲಿ ಮರಾಠಿಯಲ್ಲಿ ಪ್ರಶ್ನೆ ಕೇಳಿದಾಗ, ಕನ್ನಡವೊಂದನ್ನೇ ಬಲ್ಲ ಸೊಸೆ ನಾಚಿಕೆಯಿಂದ ತಲೆಯಾಡಿಸಿದರೆ, ‘ಬೆಳಗಿನಿಂದ ಮೂತ್ರವಾಗಿಲ್ಲ’ ಎಂಬ ಮುಖ್ಯವಾದ ಮಾತೇ ಉಳಿದುಹೋಗಬಹುದು. ಮರಾಠಿ ನಮಗೆ ನೆರೆಮನೆಯ ನುಡಿ, ಅದರೊಡನೆ ನಮಗೆ ಜಗಳವಿಲ್ಲ. ಆದರೆ ನೋವಿನ ವೇಳೆಯಲ್ಲಿ ಮನುಷ್ಯನಿಗೆ ಒದಗುವದು ತಾಯಿನುಡಿಯೇ.

ಆದುದರಿಂದ ಪ್ರತಿಯೊಂದು ಮನೆಯವರೂ ಈ ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಹೆರಿಗೆಯಾಗಿ ಆರು ತಾಸುಗಳೊಳಗೆ ಬಾಣಂತಿಗೆ ಮೂತ್ರವಾಗದಿದ್ದರೆ, ಇಲ್ಲವೆ ಮೂತ್ರ ತೀರ ಕಡಿಮೆಯಾಗಿ ಚಹದ ಕಷಾಯದಂತೆ ಕಪ್ಪಾಗಿದ್ದರೆ, ಬೆಳಗಾಗುವ ವರೆಗೆ ಕಾಯಲಾಗದು. ಬಸುರಿಯ ಮುಖ-ಕೈಗಳಲ್ಲಿ ಬಾವು, ಬಿಡದ ತಲೆನೋವು, ಕಣ್ಣು ಮಂಜಾಗುವದು, ಎದೆಗೂಡಿನ ಕೆಳಗೆ ನೋವು, ಇವು ಕಂಡರೆ ಆ ದಿನವೇ ರಕ್ತದೊತ್ತಡ ಪರೀಕ್ಷಿಸಬೇಕು. 140/90 ಮುಟ್ಟಿದರೆ ಅಲಕ್ಷ್ಯ ಸಲ್ಲದು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುವದೆಂದು ನಮ್ಮ ಕೆಲವು ಮನೆಗಳಲ್ಲಿ ನೀರನ್ನು ಅಳೆದು ಕೊಡುವ ರೂಢಿಯಿದೆ. ರಕ್ತ ಕಳೆದುಕೊಂಡು ಹಾಲುಣಿಸುವವಳಿಗೆ ಇದು ಶಿಕ್ಷೆಯೇ ಸರಿ. ವೈದ್ಯರು ಬೇಡವೆಂದ ಹೊರತು ಬಾಯಾರಿಕೆ ತೀರುವಷ್ಟು ನೀರು ಅವಳ ಹಕ್ಕು. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗಿಸುವದೂ ಬೇಡ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದವು ದಣಿದ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ.

ಡಯಾಲಿಸಿಸ್ ಎಂದೊಡನೆ ಬದುಕು ಮುಗಿಯಿತೆಂದು ಹೆದರಿ ರೋಗಿಯನ್ನು ಮನೆಗೆ ಕರೆದೊಯ್ಯುವವರಿದ್ದಾರೆ. ಬಾಣಂತಿಯರಲ್ಲಿ ಅನೇಕರಿಗೆ ಅದು ಕೆಲವು ದಿನ ಅಥವಾ ವಾರಗಳ ಊರುಗೋಲು ಮಾತ್ರ. ಪಿಂಡಗಳು ಚೇತರಿಸಿಕೊಂಡ ಮೇಲೆ ಅದನ್ನು ಬಿಡಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯ ಮೇರೆಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಇದನ್ನು ಉಚಿತವಾಗಿ ಮಾಡುವ ಏರ್ಪಾಡಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ರಕ್ತ, ವಾಹನ ಎಲ್ಲವೂ ಗರ್ಭಿಣಿಗೆ ಉಚಿತ. ಗುಣವಾದ ಮೇಲೂ ಮೂರು ತಿಂಗಳಿಗೊಮ್ಮೆ ರಕ್ತ-ಮೂತ್ರಗಳ ಪರೀಕ್ಷೆ ಮಾಡಿಸಬೇಕು, ಮುಂದಿನ ಬಸಿರಿಗೆ ಮೊದಲೇ ವೈದ್ಯರನ್ನು ಕಾಣಬೇಕು.

ಕೊನೆಯದಾಗಿ ಸಂಘಕ್ಕೊಂದು ವಿಜ್ಞಾಪನೆ. ಅಪಾಯದ ಚಿಹ್ನೆಗಳನ್ನು ಕನ್ನಡ-ಮರಾಠಿಗಳೆರಡರಲ್ಲಿಯೂ ಅಚ್ಚುಹಾಕಿಸಿದ ಒಂದು ಹಾಳೆ ಪ್ರತಿಯೊಬ್ಬ ಗರ್ಭಿಣಿಯ ಕಾರ್ಡಿನೊಡನಿರಲಿ. ಕಾರ್ಡು ಅವಳೊಡನೆ ತವರಿಗೆ ಹೋಗಲಿ. ಊರೂರಿನ ರಕ್ತದಾನಿಗಳ ಪಟ್ಟಿಯೊಂದು ಸಿದ್ಧವಾಗಲಿ. ಎರಡೂ ಭಾಷೆ ಬಲ್ಲ ತರುಣ-ತರುಣಿಯರು ಆಸ್ಪತ್ರೆಗೆ ಜೊತೆಗಾರರಾಗಿ ಹೋಗಲು ಹೆಸರು ಕೊಡಲಿ. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ಅಷ್ಟು ದಾರಿಯನ್ನು ವಾಹನ ಒಂದು ತಾಸಿನಲ್ಲಿ ಕ್ರಮಿಸಬಲ್ಲದು. ಮನೆಯ ಹೊಸ್ತಿಲು ದಾಟಲು ಹಿಡಿಯುವ ವೇಳೆಯನ್ನು ಕಡಿಮೆ ಮಾಡುವದು ಮಾತ್ರ ನಮ್ಮ ಕೈಯಲ್ಲಿದೆ.