ಯಾರದೋ ದುಡ್ಡು, ಚೆಂಡಿನ ಜಾತ್ರೆ

(ಪುಣೆ ಕ್ಯಾಂಪಿನಲ್ಲಿ ನಡೆದ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಗಲ್ಲಾ ಮುಚ್ಚಿ, ಮೋರಿ ತೊಳೆದು, ನಾಳೆಯ ಹಿಟ್ಟು ರುಬ್ಬಿಟ್ಟು ಬಂದಿದ್ದೀರಿ. ಪಾಳಿ ಮುಗಿಸಿ ನೇರವಾಗಿ ಬಂದವರೂ ಇದ್ದೀರಿ. ನಿಮ್ಮ ನಿದ್ದೆಯ ಹೊತ್ತನ್ನು ನಾವು ಹೆಚ್ಚು ಕದಿಯುವುದಿಲ್ಲ. ಇವತ್ತಿನ ಮಾತು ಚೆಂಡಾಟದ್ದು. ಸಂಘದ ಸಭೆಯಲ್ಲಿ ಫುಟ್‌ಬಾಲಿಗೇನು ಕೆಲಸ ಎಂದು ಕೇಳಬೇಡಿರಿ. ಕಡೆಗೆ ಅದು ನಮ್ಮ ಪಾಸ್‌ಬುಕ್ಕಿಗೇ ಬಂದು ನಿಲ್ಲುತ್ತದೆ.

ನಾವು ಆಟದ ವೈರಿಗಳಲ್ಲ. ನಮ್ಮ ಹುಡುಗರು ನಡುರಾತ್ರಿ ಮೊಬೈಲಿನಲ್ಲಿ ಯುರೋಪಿನ ಪಂದ್ಯ ನೋಡಿ, ಐದಕ್ಕೆ ಎದ್ದು ಒಲೆ ಹಚ್ಚುವುದನ್ನು ಬಲ್ಲೆವು. ಹದಿನಾಲ್ಕು ಗಂಟೆ ದುಡಿದವನಿಗೆ ಒಂದು ಗೋಲು ಕೊಡುವ ಸಂತೋಷ ಸಣ್ಣದಲ್ಲ.

ಆ ಆಟದಲ್ಲಿ 'ಟ್ರಾನ್ಸ್‌ಫರ್' ಎಂಬುದೊಂದಿದೆ. ನಮ್ಮ ಹೊಟೇಲಿನ ದೋಸೆ ಭಟ್ಟರನ್ನು ಎದುರು ಹೊಟೇಲಿನವರು ಹೆಚ್ಚು ಪಗಾರ ಹೇಳಿ ಕರೆದರೆ, ಭಟ್ಟರು ಗಂಟು ಕಟ್ಟಿಕೊಂಡು ಹೋಗುತ್ತಾರೆ. ಚೆಂಡಾಟದಲ್ಲಿ ಹಾಗಲ್ಲ. ಆಟಗಾರನ ಕರಾರು ಮುಗಿಯುವ ಮೊದಲು ಕರೆದುಕೊಳ್ಳಬೇಕಾದರೆ ಹಳೆಯ ಕ್ಲಬ್ಬಿಗೆ ಹಣ ಎಣಿಸಬೇಕು. ೨೦೦೯ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬು ಕ್ರಿಸ್ಟಿಯಾನೊ ರೊನಾಲ್ಡೊನಿಗಾಗಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ೮ ಕೋಟಿ ಪೌಂಡು ತೆತ್ತಿತು. ಅದೇ ಬೇಸಗೆಯಲ್ಲಿ ಕಾಕಾ ಎಂಬ ಇನ್ನೊಬ್ಬನನ್ನೂ ಕೊಂಡಿತು. ಅಷ್ಟು ಹಣ ಎಲ್ಲಿಂದ ಬಂತು? ಸುಮಾರು ೭ ಕೋಟಿ ೬೦ ಲಕ್ಷ ಯೂರೋ ಸಾಲ ಕೊಟ್ಟದ್ದು ಕಾಹಾ ಮ್ಯಾಡ್ರಿಡ್ ಎಂಬ ಉಳಿತಾಯ ಬ್ಯಾಂಕು.

ಆ ಬ್ಯಾಂಕಿನ ಮೂಲ ಕೇಳಿರಿ. ೧೭೦೨ರಲ್ಲಿ ಒಬ್ಬ ಪಾದ್ರಿ ಬಡವರಿಗಾಗಿ ತೆರೆದ ಅಡವು ಸಂಸ್ಥೆ ಅದರ ಬೇರು. ಮುಂದೆ ಅದು ದುಡಿಯುವವರ ಕಾಸು ಕೂಡಿಡುವ ಮನೆಯಾಗಿ ಬೆಳೆಯಿತು. ೨೦೧೦ರಲ್ಲಿ ಇನ್ನೂ ಆರು ಬ್ಯಾಂಕುಗಳೊಡನೆ ಸೇರಿ ಬ್ಯಾಂಕಿಯಾ ಆಯಿತು. ೨೦೧೨ರಲ್ಲಿ ಕುಸಿಯಿತು. ಚೆಂಡಿನ ಸಾಲದಿಂದಲೇ ಕುಸಿಯಿತೆಂದರೆ ಸುಳ್ಳಾದೀತು. ಅದನ್ನು ಮುಳುಗಿಸಿದ್ದು ಮನೆ-ನಿವೇಶನಗಳ ಮೇಲೆ ಕಣ್ಣು ಮುಚ್ಚಿ ಕೊಟ್ಟ ಸಾಲ. ಎತ್ತಿ ನಿಲ್ಲಿಸಲು ಸರಕಾರ ಸುರಿದದ್ದು ೨,೨೦೦ ಕೋಟಿ ಯೂರೋಗೂ ಮಿಕ್ಕಿದ ಸಾರ್ವಜನಿಕ ಹಣ. ಅದೇ ಕಾಲದಲ್ಲಿ ಸ್ಪೇನಿನಲ್ಲಿ ಮನೆಸಾಲ ಕಟ್ಟಲಾರದ ಸಾವಿರಾರು ಕುಟುಂಬಗಳು ಬೀದಿಗೆ ಬಿದ್ದವು. ೨೦೧೩ರಲ್ಲಿ ರಿಯಲ್ ಮ್ಯಾಡ್ರಿಡ್ ಸುಮಾರು ೧೦ ಕೋಟಿ ಯೂರೋಗೆ ಗ್ಯಾರೆತ್ ಬೇಲ್‌ನನ್ನು ಕೊಂಡಿತು. ಆ ವ್ಯವಹಾರಕ್ಕೂ ಈ ಬ್ಯಾಂಕಿಯಾ ಬೆಂಬಲ ನಿಂತಿತೆಂದು ಮುಂದೆ ವರದಿಯಾಗಿ, ಯುರೋಪಿನ ಸಂಸತ್ತಿನ ಸದಸ್ಯರು ಪ್ರಶ್ನೆ ಎತ್ತಿದರು. ಬಡವನ ಮನೆಸಾಲಕ್ಕೆ ಜಪ್ತಿ, ಶ್ರೀಮಂತ ಕ್ಲಬ್ಬಿಗೆ ಜಾಮೀನು. ನ್ಯಾಯ ಎಲ್ಲಿದೆ ಎಂದು ಅಲ್ಲಿಯ ಜನ ಕೇಳಿದರೆ ತಪ್ಪೇನು?

ಇದು ದೂರದ ಊರಿನ ಕಥೆ ಎಂದು ಎದ್ದು ಹೋಗಬೇಡಿರಿ. ನಮ್ಮ ಬ್ಯಾಂಕುಗಳೂ ಹುಟ್ಟಿದ್ದು ಹಾಗೆಯೇ. ಮುಂದೆ ಕಾರ್ಪೊರೇಶನ್ ಬ್ಯಾಂಕು ಎಂದು ಹೆಸರಾದ ಸಂಸ್ಥೆಯನ್ನು ೧೯೦೬ರಲ್ಲಿ ಉಡುಪಿಯಲ್ಲಿ ತೆರೆದಾಗ ಅದರ ಆರಂಭದ ಬಂಡವಾಳ ೫,೦೦೦ ರೂಪಾಯಿ. ೧೯೨೫ರಲ್ಲಿ ಅದೇ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ೧೯೨೮ರಿಂದ ಪಿಗ್ಮಿ ಠೇವಣಿ ನಡೆಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಮನೆ ಬಾಗಿಲಿಗೆ ಬಂದು ಬರೆದುಕೊಂಡು ಹೋಗುವ ಪದ್ಧತಿ ಅದು. ಹನಿ ಹನಿ ಗೂಡಿದರೆ ಹಳ್ಳ ಎಂಬುದು ನಮ್ಮೂರಿನಲ್ಲಿ ಬರೀ ಗಾದೆಯಾಗಿರಲಿಲ್ಲ, ಲೆಕ್ಕದ ಪುಸ್ತಕವಾಗಿತ್ತು. ಸಿಂಡಿಕೇಟ್ ೧೯೬೯ರಲ್ಲಿ, ಕಾರ್ಪೊರೇಶನ್ ೧೯೮೦ರಲ್ಲಿ ರಾಷ್ಟ್ರದ ಸ್ವತ್ತಾದವು. ೨೦೨೦ರ ಏಪ್ರಿಲಿನಲ್ಲಿ ಎರಡೂ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು.

ಇಂಥ ಬ್ಯಾಂಕುಗಳ ಹಣ ಎಲ್ಲೆಲ್ಲಿ ಹೋಯಿತು? ಕಿಂಗ್‌ಫಿಷರ್ ವಿಮಾನ ಕಂಪನಿಗೆ ಸಾಲ ಕೊಟ್ಟ ಬ್ಯಾಂಕುಗಳ ಕೂಟದಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಮುಂದಾಳು. ನಮ್ಮ ಕಾರ್ಪೊರೇಶನ್ ಬ್ಯಾಂಕು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸಹ ಅದರಲ್ಲಿದ್ದವು. ಆ ಕಂಪನಿಯ ಯಜಮಾನರಾದ ವಿಜಯ ಮಲ್ಯರ ಸಮೂಹ ೧೯೯೮ರಿಂದ ಕಲಕತ್ತೆಯ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ಎಂಬ ಎರಡೂ ಚೆಂಡಿನ ಕ್ಲಬ್ಬುಗಳಿಗೆ ತನ್ನ ಮದ್ಯದ ಹೆಸರು ಅಂಟಿಸಿತ್ತು. ೨೦೦೮ರಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡವನ್ನು ೧೧ ಕೋಟಿ ೧೬ ಲಕ್ಷ ಡಾಲರಿಗೆ ಕೊಂಡಿತು. ೨೦೧೨ರಲ್ಲಿ ವಿಮಾನ ನಿಂತಿತು. ನೌಕರರಿಗೆ ತಿಂಗಳುಗಟ್ಟಲೆ ಪಗಾರವಿಲ್ಲ. ೨೦೧೬ರ ಮಾರ್ಚಿನಲ್ಲಿ ಯಜಮಾನರು ದೇಶ ಬಿಟ್ಟರು. ಬ್ಯಾಂಕುಗಳು ಬಡ್ಡಿ ಸೇರಿಸಿ ಹೇಳಿದ ಬಾಕಿ ಸುಮಾರು ೯,೦೦೦ ಕೋಟಿ. ವಿಮಾನಕ್ಕೆಂದು ಎತ್ತಿದ ಸಾಲದಲ್ಲಿ ಒಂದು ಭಾಗ ಆಟದ ತಂಡಗಳಿಗೆ ಹರಿಯಿತೆಂಬುದು ತನಿಖೆಯವರ ಆರೋಪ. ಮಲ್ಯರು ಒಪ್ಪುವುದಿಲ್ಲ. ತೀರ್ಪು ಕೋರ್ಟಿನದು. ಅವರ ಆಸ್ತಿಯಿಂದ ೧೪,೧೩೧ ಕೋಟಿ ರೂಪಾಯಿ ಬ್ಯಾಂಕುಗಳಿಗೆ ಮರಳಿತೆಂದು ಸರಕಾರ ೨೦೨೪ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿತು. ಮರಳಿದ್ದು ಸಂತೋಷವೇ. ಆದರೆ ಕೊಡುವಾಗ ಕೇಳಬೇಕಾದ ಪ್ರಶ್ನೆಯನ್ನು ಕಳೆದುಕೊಂಡ ಮೇಲೆ ಕೇಳಿದ್ದೇಕೆ?

ನಮ್ಮ ಪುಣೆಗೇ ಬರೋಣ. ಇಲ್ಲಿಯ ಶಿವಾಜಿಯನ್ಸ್ ಕ್ಲಬ್ಬನ್ನು ಡಿ.ಎಸ್.ಕೆ. ಎಂಬ ಕಟ್ಟಡ ಉದ್ಯಮ ಸಮೂಹ ಸಾಕಿತ್ತು. ಎರಡು ವರ್ಷ ಅದು ಐ-ಲೀಗಿನಲ್ಲಿ ಆಡಿತು. ೨೦೧೭ರಲ್ಲಿ ಕಣದಿಂದ ಮರೆಯಾಯಿತು. ೨೦೧೮ರ ಫೆಬ್ರವರಿಯಲ್ಲಿ ಠೇವಣಿದಾರರ ದೂರಿನ ಮೇಲೆ ಸಮೂಹದ ಯಜಮಾನರ ಬಂಧನವಾಯಿತು. ಜೂನಿನಲ್ಲಿ, ಆ ಸಮೂಹಕ್ಕೆ ಕೊಟ್ಟ ಸಾಲದ ವಿಷಯವಾಗಿ, ಸರಕಾರಿ ಸ್ವಾಮ್ಯದ ಬ್ಯಾಂಕ್ ಆಫ್ ಮಹಾರಾಷ್ಟ್ರದ ಮುಖ್ಯಾಧಿಕಾರಿಗಳನ್ನೂ ಹಿಡಿದರು. ಅವರ ವಿರುದ್ಧ ಸಾಕ್ಷ್ಯವಿಲ್ಲವೆಂದು ಪೋಲೀಸರೇ ಆಮೇಲೆ ಕೋರ್ಟಿಗೆ ತಿಳಿಸಿದರು. ಆ ಸಾಲ ಚೆಂಡಿಗಾಗಿ ಹೋಯಿತೆಂದು ನಾವು ಹೇಳುವುದಿಲ್ಲ, ಯಾರನ್ನೂ ಕಳ್ಳರೆನ್ನುವುದೂ ಇಲ್ಲ. ಹೇಳುವುದಿಷ್ಟೇ: ತಂಡದ ಅಂಗಿಯ ಮೇಲಿನ ಹೆಸರು ನೋಡಿ ಹಣ ಇಡಬೇಡಿರಿ. ಅಂಗಿ ಹೊಳೆಯುತ್ತದೆ, ಲೆಕ್ಕ ಹೊಳೆಯುವುದಿಲ್ಲ.

ಈಗ ನಮ್ಮ ಕಡೆಯ ಲೆಕ್ಕ. ನಮ್ಮ ಸದಸ್ಯರೊಬ್ಬರಿಗೆ ಚಹದ ಕೈಗಾಡಿ ಹಾಕಲು ೪೦,೦೦೦ ರೂಪಾಯಿ ಬೇಕಾಗಿತ್ತು. ಅವರೊಡನೆ ನಾವೂ ಒಂದು ಬ್ಯಾಂಕಿಗೆ ಹೋದೆವು. ಬಾಡಿಗೆ ಕರಾರು ಕೇಳಿದರು, ವಿದ್ಯುತ್ ಬಿಲ್ಲು ಕೇಳಿದರು, ಜಾಮೀನುದಾರರನ್ನು ಕೇಳಿದರು. ಹೊಟೇಲಿನ ಅಟ್ಟದಲ್ಲಿ ಮಲಗುವವನ ಹೆಸರಿನಲ್ಲಿ ವಿದ್ಯುತ್ ಬಿಲ್ಲು ಎಲ್ಲಿಂದ ಬರಬೇಕು? ನಾಲ್ಕು ಸಲ ಅಲೆದರು. ಕಡೆಗೆ ಬಡ್ಡಿಯವನ ಹತ್ತಿರ ನೂರಕ್ಕೆ ತಿಂಗಳಿಗೆ ಐದರಂತೆ ಎತ್ತಿದರು. ಎಂದರೆ ತಿಂಗಳಿಗೆ ೨,೦೦೦ ರೂಪಾಯಿ ಬಡ್ಡಿ. ಇಪ್ಪತ್ತು ತಿಂಗಳಲ್ಲಿ ಅಸಲಿನಷ್ಟು ಬಡ್ಡಿಯೇ ಹೋಯಿತು, ಅಸಲು ಹಾಗೆಯೇ ನಿಂತಿದೆ. ಅದೇ ಬ್ಯಾಂಕಿನಲ್ಲಿ ಅವರ ಹನ್ನೊಂದು ವರ್ಷದ ಖಾತೆ ಇದೆ, ಬಂಧುಗಳೇ!

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತೇವೆ. ಈ ಜಾತ್ರೆಯಲ್ಲಿ ಆ 'ಯಾರೋ' ನಾವೇ. ಠೇವಣಿ ನಮ್ಮದು. ಬ್ಯಾಂಕು ಬಿದ್ದಾಗ ಖಜಾನೆಯಿಂದ ಹೋಗುವ ತೆರಿಗೆಯೂ ನಮ್ಮದು. ೨೦೧೭ರ ಅಕ್ಟೋಬರಿನಲ್ಲಿ ಸರಕಾರ ಸಾರ್ವಜನಿಕ ಬ್ಯಾಂಕುಗಳನ್ನು ನಿಲ್ಲಿಸಲು ಸಾರಿದ ಯೋಜನೆ ೨ ಲಕ್ಷ ೧೧ ಸಾವಿರ ಕೋಟಿಯದು. ಅದರ ಬಹುಪಾಲು ಖಜಾನೆಯ ಹೊಣೆ. ಗೆದ್ದರೆ ಕಪ್ಪು ಮಾಲಕರ ಕಪಾಟಿಗೆ, ಸೋತರೆ ಸಾಲ ನಮ್ಮ ತಲೆಗೆ.

ಹಾಗಾದರೆ ಮಾಡಬೇಕಾದದ್ದೇನು? ಒಂದು: ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ೫ ಲಕ್ಷ ರೂಪಾಯಿಯ ತನಕ ವಿಮೆ ಇದೆ. ೨೦೨೦ರಿಂದ ಈ ಮಿತಿ. ಕಟ್ಟಡದ ಕಂಪನಿಗೆ, ಖಾಸಗಿ ಚೀಟಿಗೆ, ಪತಪೇಢಿಗೆ ಕೊಟ್ಟ ಹಣಕ್ಕೆ ಆ ವಿಮೆ ಇಲ್ಲ. ಎರಡು ಕಾಸು ಹೆಚ್ಚಿನ ಬಡ್ಡಿಗೆ ಆಸೆಪಟ್ಟು ಮಗಳ ಮದುವೆಯ ಹಣ ಸುರಿಯಬೇಡಿರಿ. ಎರಡು: ಬ್ಯಾಂಕುಗಳ ಮಾಹಿತಿಯನ್ನು ನಂಬಿಕೆಯ ಗುಟ್ಟೆಂದು ರಿಸರ್ವ್ ಬ್ಯಾಂಕು ಬಚ್ಚಿಡಲಾಗದೆಂದು ಸುಪ್ರೀಂ ಕೋರ್ಟು ೨೦೧೫ರಲ್ಲಿ ಹೇಳಿದೆ. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಬಾರದವರಿಗೆ ಸಂಘದ ಕಚೇರಿಯಲ್ಲಿ ಬರೆದುಕೊಡುತ್ತೇವೆ. ಮೂರು: ಆ ಸದಸ್ಯರ ಅರ್ಜಿಯನ್ನು ಈ ಸಲ ಸಂಘದ ಪತ್ರದೊಡನೆ ಮತ್ತೆ ಕೊಡುತ್ತೇವೆ. ಇಪ್ಪತ್ತು ಜನ ಜೊತೆಗೆ ಬರಬೇಕು. ಗಲಾಟೆ ಬೇಡ, ಸಾಲಿನಲ್ಲಿ ಶಾಂತವಾಗಿ ನಿಲ್ಲೋಣ. ಒಬ್ಬನಿಗೆ ಉತ್ತರ ಕೊಡದವರು ಇಪ್ಪತ್ತು ಜನರಿಗೆ ಕೊಡಲೇಬೇಕಾಗುತ್ತದೆ.

ಭಾನುವಾರದ ಪಂದ್ಯ ನೋಡಿರಿ, ಚಪ್ಪಾಳೆ ತಟ್ಟಿರಿ. ಸೋಮವಾರ ಹತ್ತು ಗಂಟೆಗೆ ಬ್ಯಾಂಕಿನ ಬಾಗಿಲಿಗೆ ಬನ್ನಿರಿ. ಬೆಳಗಿನ ಪಾಳಿಯವರು ಬದಲಿ ಮಾಡಿಕೊಳ್ಳಿರಿ. ಹೆಸರು ಕೊಡುವವರು ಈಗಲೇ ಕೈ ಎತ್ತಿರಿ.