ದುಡಿದವರ ಪಾಲು
(ಮೇ 1: ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಊರವರು ಯೇಸುವನ್ನು ಬಡಗಿಯ ಮಗನೆಂದು ಹಗುರವಾಗಿ ಕಂಡರು. ಆ ಬಡಗಿಯನ್ನೇ ಧರ್ಮಸಭೆ ಇಂದು ಗೌರವಿಸುತ್ತದೆ. 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸರು ಕಾರ್ಮಿಕರ ದಿನದಂದೇ ಈ ಹಬ್ಬವನ್ನು ಸ್ಥಾಪಿಸಿದರು.

ಬೆಳಗಾದರೆ ನಮ್ಮ ಬ್ಯಾಡರಹಳ್ಳಿಯ ಕಡೆಯಿಂದ ಎಷ್ಟೋ ಮಂದಿ ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗಳಿಗೆ ಹೊರಡುತ್ತಾರೆ. ಬಟ್ಟೆ ಅಂಗಿಯಾದಾಗ ಅದರ ಬೆಲೆ ಹೆಚ್ಚುತ್ತದೆ. ಹೀಗೆ ಎಲ್ಲೆಡೆ ಹೆಚ್ಚುವ ಮೌಲ್ಯವೆಲ್ಲ ಸೇರಿದರೆ ದೇಶದ ಆದಾಯ. ಅದರಲ್ಲಿ ಒಂದು ಪಾಲು ಕೂಲಿ, ಸಂಬಳ. ಉಳಿದದ್ದು ಬಾಡಿಗೆ, ಬಡ್ಡಿ, ಲಾಭ. ಬಂಡವಾಳ ಹಾಕಿದವರಿಗೂ ನ್ಯಾಯವಾದ ಪಾಲುಂಟು. ಆದರೆ ಎಷ್ಟು?

1980ರ ದಶಕದ ಆರಂಭದಲ್ಲಿ ನಮ್ಮ ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ಹೀಗೆ ಹೆಚ್ಚಿದ ಪ್ರತಿ 100 ರೂಪಾಯಿಯಲ್ಲಿ ಸುಮಾರು 30 ರೂಪಾಯಿ ಕಾರ್ಮಿಕರ ಕೂಲಿಯಾಗಿತ್ತು. 2008ರ ಹೊತ್ತಿಗೆ ಅದು ಸುಮಾರು 10ಕ್ಕೆ ಇಳಿಯಿತು. ಆಮೇಲೆ ತುಸು ಏರಿದರೂ ಹಿಂದಿನ ಮಟ್ಟ ಮುಟ್ಟಿಲ್ಲ. ಯಂತ್ರಗಳು ಹೆಚ್ಚಿದವು, ಗುತ್ತಿಗೆಯವರೂ ಹೆಚ್ಚಿದರು. ಈಗ ಹತ್ತು ಕಾರ್ಮಿಕರಲ್ಲಿ ಸುಮಾರು ನಾಲ್ವರು ಗುತ್ತಿಗೆಯವರು. ನಾಳೆ ಕೆಲಸ ಉಂಟೋ ಇಲ್ಲವೋ ಎಂಬವರು ಹೆಚ್ಚು ಕೂಲಿ ಕೇಳುವುದಾದರೂ ಹೇಗೆ?

2020ರಲ್ಲಿ ಕೊರೊನಾ ಕಾಲದ ಕಷ್ಟವೆಂದು ನಮ್ಮ ರಾಜ್ಯ ಸರಕಾರ ಕನಿಷ್ಠ ಕೂಲಿಯ ತುಟ್ಟಿಭತ್ಯೆ ಏರಿಕೆಯನ್ನು ಮುಂದೂಡಿತು. ಗಾರ್ಮೆಂಟ್ಸ್ ಕಾರ್ಮಿಕರಿಗೆ ಅದು ತಿಂಗಳಿಗೆ ಸುಮಾರು 417 ರೂಪಾಯಿ. ಕಾರ್ಮಿಕ ಸಂಘಗಳು ನ್ಯಾಯಾಲಯಕ್ಕೆ ಹೋದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯ ಕಾರ್ಮಿಕರ ಪರವಾಗಿ ಆದೇಶ ನೀಡಿತು. ಆದರೂ ಅನೇಕರ ಕೈಗೆ ಬಾಕಿ ಹಣ ಬರುವಾಗ 2022 ಬಂದಿತ್ತು. ಕೆಲವರಿಗೆ 417 ರೂಪಾಯಿ ಚಿಲ್ಲರೆ ಕಾಸು. ಹೊಲಿಯುವ ತಾಯಿಗೆ ಅದು ಮಕ್ಕಳ ಹಾಲು, ನೋಟ್‌ಬುಕ್ಕು.

ಬಡವ ಒಪ್ಪಿಕೊಂಡ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗದು, ಅದು ಬದುಕಿಗೆ ಸಾಲುವಂತಿರಬೇಕು ಎಂದು 1891ರಲ್ಲೇ ಪೋಪ್ ಹದಿಮೂರನೇ ಲಿಯೋ ಬೋಧಿಸಿದರು. ಬಂಡವಾಳಕ್ಕಿಂತ ದುಡಿಮೆಯೇ ಮೊದಲು ಎಂದು 1981ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಸಾರಿದರು. ಯಂತ್ರ ಮನುಷ್ಯನಿಗಾಗಿ ಇದೆ. ಮನುಷ್ಯ ಯಂತ್ರಕ್ಕಾಗಿ ಅಲ್ಲ.

ಪ್ರಿಯರೇ, ನಮ್ಮಲ್ಲಿ ಕೂಲಿ ಪಡೆಯುವವರಂತೆ ಕೊಡುವವರೂ ಇದ್ದೇವೆ. ಕೆಲವರಿಗೆ ಸಣ್ಣ ವರ್ಕ್‌ಶಾಪ್ ಇದೆ, ಕೆಲವರಿಗೆ ಬಾಡಿಗೆ ಮನೆ, ಹಲವರ ಮನೆಗೆ ಕೆಲಸದ ಅಮ್ಮ ಬರುತ್ತಾರೆ. ವರ್ಷ ತುಂಬಿದರೆ ಬಾಡಿಗೆ ಏರಿಸಲು ನಾವು ಮರೆಯುವುದಿಲ್ಲ. ಆ ಅಮ್ಮನ ಸಂಬಳ ಏರಿಸಲು ನೆನಪಾಗುತ್ತದೆಯೇ? ಹಬ್ಬಕ್ಕೆ ಸೀರೆ ಕೊಡುವುದು ದಾನ. ದುಡಿದದ್ದಕ್ಕೆ ತಕ್ಕಷ್ಟು ಕೊಡುವುದು ನ್ಯಾಯ. ದಾನದಿಂದ ನ್ಯಾಯದ ಸಾಲ ತೀರುವುದಿಲ್ಲ.

ಇಂದು ಕಾಣಿಕೆಯಾಗಿ ನಾವು ಒಪ್ಪಿಸುವ ರೊಟ್ಟಿ, ದ್ರಾಕ್ಷಾರಸಗಳಲ್ಲಿ ಎಷ್ಟೋ ಕೈಗಳ ಬೆವರಿದೆ. ಆ ಕೈಗಳಿಗೆ ಸಲ್ಲಬೇಕಾದದ್ದನ್ನು ಈ ತಿಂಗಳೇ ಸಲ್ಲಿಸೋಣ. ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ. ಆಮೆನ್.