ನಾಲ್ಕೇ ವರ್ಷಕ್ಕೆ ಡಾಕ್ಟರ್: ತೋಟ ಮಾರಲಾ ಸಾರ್?

ಇವತ್ತು ರಾಜಕೀಯ ಬೇಡ. ಇವತ್ತು ಒಂದು ಫೋನ್ ಕರೆಯ ಬಗ್ಗೆ ಮಾತಾಡ್ತೀನಿ.

ಹೋದ ವಾರ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ತಿಪಟೂರು ಕಡೆಯ ರೈತರೊಬ್ಬರು ನಾಲ್ಕು ದಿನದಿಂದ ಕಚೇರಿಗೆ ಫೋನ್ ಮಾಡ್ತಾನೇ ಇದ್ದಾರೆ, ನಿಮ್ಮ ಹತ್ತಿರಾನೇ ಮಾತಾಡಬೇಕಂತೆ ಅಂತ ನಮ್ಮ ಹುಡುಗರು ಹೇಳಿದರು. ಫೋನ್ ತಗೊಂಡೆ. ಆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ.

"ಸಾರ್, ಎರಡೂವರೆ ಎಕರೆ ತೆಂಗಿನ ತೋಟ ಐತೆ. ನಾಲ್ಕೇ ವರ್ಷಕ್ಕೆ ಮಗಳು ಡಾಕ್ಟ್ರಾಗ್ತಾಳೆ ಅಂತವ್ರೆ. ತೋಟ ಮಾರಲಾ?"

ಆ ಮನೆಯ ಕಥೆ ಇಷ್ಟು. ಮಗಳಿಗೆ ಪಿಯುಸಿ ಮುಗಿದಾಗ ಮೆಡಿಕಲ್ ಸೀಟು ಸಿಗಲಿಲ್ಲ. ಬಿ.ಎಸ್ಸಿ. ನರ್ಸಿಂಗ್ ಮಾಡಿದಳು. ಮೂರು ವರ್ಷದಿಂದ ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ. ಡಾಕ್ಟರ್ ಆಗುವ ಆಸೆ ಮಾತ್ರ ಹೋಗಿಲ್ಲ. ಅಷ್ಟರಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. "ಹೇಗಿದ್ದರೂ ನಿಮ್ಮ ಮಗಳು ಡಿಗ್ರಿ ಮಾಡಿದ್ದಾಳೆ. ಹೊರದೇಶದಲ್ಲಿ ಪದವೀಧರರಿಗೇ ಅಂತ ನಾಲ್ಕು ವರ್ಷದ ಫಾಸ್ಟ್ ಟ್ರ್ಯಾಕ್ ಮೆಡಿಕಲ್ ಕೋರ್ಸ್ ಇದೆ. ನೀಟ್ ಬೇಡ, ಏನೂ ಬೇಡ. ವಾಪಸ್ ಬಂದು ತಿಪಟೂರಲ್ಲೇ ಬೋರ್ಡ್ ಹಾಕಿಕೊಳ್ಳಬಹುದು" ಅಂದಿದ್ದಾನೆ.

ನಾನು ಆ ಯಜಮಾನರಿಗೆ, "ಎರಡು ದಿನ ಟೈಮ್ ಕೊಡಿ, ಅಲ್ಲಿಯವರೆಗೆ ಒಂದು ಕಾಗದಕ್ಕೂ ಸಹಿ ಹಾಕಬೇಡಿ" ಅಂದೆ. ಆ ಎರಡು ದಿನದಲ್ಲಿ ತಿಳಿದುಕೊಂಡದ್ದನ್ನು ಇವತ್ತು ನಿಮ್ಮೆಲ್ಲರ ಮುಂದೆ ಇಡ್ತಾ ಇದ್ದೀನಿ. ಯಾಕಂದ್ರೆ ಇಂಥ ಪ್ರಶ್ನೆ ಇರುವುದು ಆ ಒಂದು ಮನೆಯಲ್ಲಿ ಮಾತ್ರ ಅಲ್ಲ.

ಮೊದಲನೆಯದು. ಆ ಏಜೆಂಟ್ ಹೇಳಿದ ಕೋರ್ಸ್ ಸುಳ್ಳಲ್ಲ. ನಿಜವಾಗಿಯೂ ಇದೆ.

ಬ್ರಿಟನ್ನಿನಲ್ಲಿ ಸಾಮಾನ್ಯ ಮೆಡಿಕಲ್ ಕೋರ್ಸ್ ಐದು ವರ್ಷ, ಕೆಲವು ಕಡೆ ಆರು. ಅದರ ಪಕ್ಕದಲ್ಲೇ 2000ನೇ ಇಸವಿಯಲ್ಲಿ ಇನ್ನೊಂದು ದಾರಿ ಶುರುವಾಯಿತು. ಈಗಾಗಲೇ ಒಂದು ಪದವಿ ಮುಗಿಸಿದವರಿಗೆ ನಾಲ್ಕು ವರ್ಷದ ಕೋರ್ಸ್. ಲಂಡನ್ನಿನ ಸೇಂಟ್ ಜಾರ್ಜಸ್ ಇದನ್ನು ಮೊದಲು ಆರಂಭಿಸಿದ ಕಾಲೇಜುಗಳಲ್ಲಿ ಒಂದು. ವಾರಿಕ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿಗೆ ಪದವೀಧರರನ್ನು ಬಿಟ್ಟರೆ ಬೇರೆಯವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯ ಇನ್ನೂ ಮುಂಚೆ, 1996ರಲ್ಲೇ ಈ ದಾರಿ ಹಿಡಿದಿತ್ತು. ಐರ್ಲೆಂಡಿನ ಲಿಮರಿಕ್‌ನಲ್ಲಿ ಇದು 2007ರಲ್ಲಿ ಬಂತು. ಕೆನಡಾದ ಮ್ಯಾಕ್‌ಮಾಸ್ಟರ್‌ನಲ್ಲಂತೂ 1969ರಿಂದಲೇ ಮೂರು ವರ್ಷದ ಮೆಡಿಕಲ್ ಕೋರ್ಸ್ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೇನೇ ನಾಲ್ಕು ವರ್ಷದ ಎಂ.ಡಿ.

ಇನ್ನೊಂದು ವಿಷಯ ಕೇಳಿ. ವಾರಿಕ್, ಸೇಂಟ್ ಜಾರ್ಜಸ್‌ನಂಥ ಕಡೆ ಆ ಮೊದಲ ಪದವಿ ವಿಜ್ಞಾನದ್ದೇ ಆಗಬೇಕು ಅಂತ ಇಲ್ಲ. ಇತಿಹಾಸ ಓದಿದವರು ಬರ್ತಾರೆ, ಸಂಗೀತ ಓದಿದವರು ಬರ್ತಾರೆ, ಹತ್ತು ವರ್ಷ ನರ್ಸ್ ಆಗಿದ್ದವರು ಬರ್ತಾರೆ. ಮೂವತ್ತು ದಾಟಿದವರು, ಮಕ್ಕಳಿರುವ ತಾಯಂದಿರು ಬಂದು ಬೆಂಚಿನ ಮೇಲೆ ಕೂರ್ತಾರೆ.

ಹಾಗಾದರೆ ಐದು ವರ್ಷದ್ದನ್ನು ನಾಲ್ಕು ವರ್ಷ ಮಾಡೋದು ಹೇಗೆ? ಏನನ್ನು ಕತ್ತರಿಸ್ತಾರೆ?

ಇಲ್ಲೇ ಎಲ್ಲರೂ ತಪ್ಪು ತಿಳಿಯುವುದು. ಅವರು ರೋಗಿಗಳ ಜೊತೆ ಕಳೆಯುವ ಕಾಲವನ್ನು ಕತ್ತರಿಸಿಲ್ಲ. ಮೊದಲ ಎರಡು ವರ್ಷದ ಪಾಠ, ಅಂದರೆ ಅಂಗರಚನೆ, ದೇಹದ ಕೆಲಸ, ಜೀವರಸಾಯನ, ಔಷಧಗಳ ವಿಚಾರ, ಇದನ್ನೆಲ್ಲ ಒಂದು, ಒಂದೂವರೆ ವರ್ಷಕ್ಕೆ ಒತ್ತಿ ತುಂಬಿದ್ದಾರೆ. ಬೇಸಿಗೆ ರಜೆ ಕತ್ತರಿಸಿದ್ದಾರೆ. ಎಷ್ಟೋ ಕಡೆ ಎಂಟು ಹತ್ತು ಜನರ ಗುಂಪಿನ ಮುಂದೆ ಒಬ್ಬ ರೋಗಿಯ ಕಥೆ ಇಡ್ತಾರೆ. "ಐವತ್ತು ವರ್ಷದ ಹೆಂಗಸಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತೆ. ಯಾಕೆ?" ಅಷ್ಟೇ. ಹೃದಯ, ಶ್ವಾಸಕೋಶ, ರಕ್ತ, ಎಲ್ಲವನ್ನೂ ತಾವೇ ಓದಿಕೊಂಡು ಬಂದು ಅಲ್ಲಿ ಚರ್ಚೆ ಮಾಡಬೇಕು. ಒಂದು ಪದವಿ ಮುಗಿಸಿದವನಿಗೆ ಓದುವುದು ಹೇಗೆ ಅಂತ ಗೊತ್ತು, ಅವನಿಗೆ ತುತ್ತು ಮಾಡಿ ಬಾಯಿಗೆ ಇಡಬೇಕಾಗಿಲ್ಲ ಅನ್ನೋ ನಂಬಿಕೆ ಅದು. ಆಮೇಲಿನ ವರ್ಷಗಳು ವಾರ್ಡಿನಲ್ಲಿ, ಆಪರೇಷನ್ ಥಿಯೇಟರಿನಲ್ಲಿ, ಊರಿನ ಕ್ಲಿನಿಕ್ಕಿನಲ್ಲಿ. ಅಲ್ಲಿ ಐದು ವರ್ಷದ ಕೋರ್ಸಿನವರು ಕಲಿಯುವುದನ್ನೇ ಇವರೂ ಕಲಿಯಬೇಕು. ಕೊನೆಗೆ ಕೈಗೆ ಬರುವುದೂ ಅದೇ ಡಾಕ್ಟರ್ ಪದವಿ.

ಸೇರುವುದು ಸುಲಭವಾ? ಅದೂ ಇಲ್ಲ. ಗ್ಯಾಮ್‌ಸ್ಯಾಟ್ ಅಂತ ಒಂದು ಪರೀಕ್ಷೆ ಇದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ್ದು, ಬ್ರಿಟನ್, ಐರ್ಲೆಂಡಿನ ಹಲವು ಕಾಲೇಜುಗಳೂ ಅದನ್ನೇ ಕೇಳುತ್ತವೆ. ಅದರಲ್ಲಿ ಮೂರು ಭಾಗ. ಒಂದರಲ್ಲಿ ವಿಜ್ಞಾನ. ಇನ್ನೊಂದರಲ್ಲಿ ಪ್ರಬಂಧ ಬರೆಯಬೇಕು. ಮತ್ತೊಂದರಲ್ಲಿ ಸಾಹಿತ್ಯ, ಸಮಾಜದ ವಿಚಾರ ಕೊಟ್ಟು ಅರ್ಥ ಮಾಡಿಕೊಳ್ಳುವ ಶಕ್ತಿಯನ್ನು ಅಳೆಯುತ್ತಾರೆ. ಅದಾದ ಮೇಲೆ ಸಂದರ್ಶನ. ವೃದ್ಧಾಶ್ರಮದಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡಿದ ಅನುಭವ ಇದೆಯಾ ಅಂತಲೂ ನೋಡುತ್ತಾರೆ.

ಈಗ ಲೆಕ್ಕ ಹಾಕಿ. ಮೂರು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್. ಒಟ್ಟು ಏಳು ವರ್ಷ. ನೇರವಾಗಿ ಸೇರಿದವನಿಗೆ ಐದು ವರ್ಷ. ಹಾಗಾದರೆ ಇದು ಅಡ್ಡದಾರಿ ಹೇಗಾಯ್ತು? ಇದು ಬೇಗ ಡಾಕ್ಟರ್ ಆಗುವ ಕೋರ್ಸ್ ಅಲ್ಲ. ತಡವಾಗಿ ಬಂದವರಿಗೆ, "ಪರವಾಗಿಲ್ಲ, ಒಳಗೆ ಬನ್ನಿ, ನೀವು ಕಲಿತು ಬಂದಿದ್ದಕ್ಕೂ ಬೆಲೆ ಇದೆ" ಅಂತ ಹೇಳುವ ಕೋರ್ಸ್. ಅಲ್ಲಿನ ಸರ್ಕಾರ ಹಣದ ವಿಚಾರದಲ್ಲೂ ಹಾಗೇ ನಡೆದುಕೊಂಡಿದೆ. ಇಂಗ್ಲೆಂಡಿನಲ್ಲಿ ಈ ನಾಲ್ಕು ವರ್ಷದ ಕೋರ್ಸ್ ಸೇರುವ ಅಲ್ಲಿನವರು ಮೊದಲ ವರ್ಷದ ಶುಲ್ಕದಲ್ಲಿ 3,465 ಪೌಂಡ್ ಕೈಯಿಂದ ಕಟ್ಟಬೇಕು. ಉಳಿದದ್ದಕ್ಕೆ ಸಾಲ ಸಿಗುತ್ತೆ. ಎರಡನೇ ವರ್ಷದಿಂದ ಶುಲ್ಕದ ಒಂದು ಭಾಗವನ್ನು ಸರ್ಕಾರಿ ಆರೋಗ್ಯ ಸೇವೆಯೇ ಕಟ್ಟುತ್ತೆ.

ಆದರೆ ಇದೆಲ್ಲ ಅಲ್ಲಿನವರಿಗೆ. ತಿಪಟೂರಿನ ಹುಡುಗಿಗೆ ಅಲ್ಲ. ಹೊರದೇಶದವರಿಗೆ ಆ ಸಾಲವೂ ಇಲ್ಲ, ಸಹಾಯವೂ ಇಲ್ಲ, ಶುಲ್ಕ ಹಲವು ಪಟ್ಟು ಹೆಚ್ಚು. ಎಷ್ಟೋ ಕಾಲೇಜುಗಳು ಈ ಕೋರ್ಸಿಗೆ ಹೊರದೇಶದವರನ್ನು ತೆಗೆದುಕೊಳ್ಳುವುದೇ ಇಲ್ಲ.

ಇನ್ನು ಎರಡನೆಯದು. ಏಜೆಂಟ್ ಹೇಳದೆ ಬಿಟ್ಟ ಮಾತು. ತೋಟ ಉಳಿಯೋದು ಅಥವಾ ಹೋಗೋದು ನಿಂತಿರೋದೇ ಇದರ ಮೇಲೆ.

ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್ 18ರಿಂದ ಒಂದು ನಿಯಮ ಜಾರಿಗೆ ತಂದಿದೆ. ವಿದೇಶದಲ್ಲಿ ಓದಿ ಬಂದವರು ಭಾರತದಲ್ಲಿ ಡಾಕ್ಟರ್ ಅಂತ ನೋಂದಣಿ ಮಾಡಿಸಬೇಕಾದರೆ, ಅವರು ಓದಿದ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು. ಅದರ ಮೇಲೆ ಅಲ್ಲೇ 12 ತಿಂಗಳ ಇಂಟರ್ನ್‌ಷಿಪ್. ಇಂಗ್ಲಿಷ್‌ನಲ್ಲೇ ಪಾಠ ಆಗಿರಬೇಕು. ಆ ದೇಶದಲ್ಲಿ ವೈದ್ಯ ವೃತ್ತಿ ಮಾಡಲು ಅರ್ಹತೆ ಇರಬೇಕು. ಇಲ್ಲಿಗೆ ಬಂದು ಪರೀಕ್ಷೆ ಪಾಸು ಮಾಡಬೇಕು, ಮತ್ತೆ ಒಂದು ವರ್ಷ ಇಂಟರ್ನ್‌ಷಿಪ್ ಮಾಡಬೇಕು. ಹೊರಡುವ ಮೊದಲು ನೀಟ್‌ನಲ್ಲಿ ಅರ್ಹತೆ ಪಡೆದಿರಲೇಬೇಕು. ನೀಟ್ ಬೇಡ ಅನ್ನೋದು ಹಸಿ ಸುಳ್ಳು.

ನಾಲ್ಕು ವರ್ಷ ಅಂದರೆ ಎಷ್ಟು ತಿಂಗಳು? 48. ನಿಯಮ ಕೇಳೋದು 54.

ಆರು ತಿಂಗಳು ಕಡಿಮೆ ವೀಕ್ಷಕರೇ. ಆ ಆರು ತಿಂಗಳಿಗಾಗಿ ಲಂಡನ್ನಿನಲ್ಲಿ ಡಾಕ್ಟರ್ ಆದವಳು ತಿಪಟೂರಿನಲ್ಲಿ ಡಾಕ್ಟರ್ ಅಲ್ಲ ಅಂತಾಗಬಹುದು.

ಇದು ನನ್ನ ಊಹೆ ಅಲ್ಲ. ಫಿಲಿಪ್ಪೀನ್ಸ್‌ನಲ್ಲಿ ಹೀಗೇ ಆಯಿತು. ಅಲ್ಲಿಯದು ಅಮೆರಿಕದ ಮಾದರಿ. ಮೊದಲು ಬಿ.ಎಸ್., ಆಮೇಲೆ ನಾಲ್ಕು ವರ್ಷದ ಎಂ.ಡಿ. ಹೊಸ ನಿಯಮ ಬಂದಾಗ ಆಯೋಗ, ಬಿ.ಎಸ್. ಓದಿದ್ದು ಮೆಡಿಕಲ್ ಲೆಕ್ಕಕ್ಕೆ ಬರಲ್ಲ ಅಂದಿತು. ಉಳಿದದ್ದು 48 ತಿಂಗಳು. ನಿಯಮಕ್ಕೆ ಮೊದಲೇ ಸೇರಿದವರಿಗೆ ವಿನಾಯಿತಿ ಸಿಕ್ಕಿತು. ಆಮೇಲೆ ಹೋದವರ ಅಪ್ಪ ಅಮ್ಮಂದಿರು ಕಾಗದ ಹಿಡಿದುಕೊಂಡು ಅಲೆಯಬೇಕಾಯಿತು.

ಆದ್ದರಿಂದ ಯಾವ ದೇಶದ್ದಾದರೂ ಸರಿ, ಏಜೆಂಟನ ಹತ್ತಿರ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ. ಮೆಡಿಕಲ್ ಕೋರ್ಸ್ ಒಂದೇ ಎಷ್ಟು ತಿಂಗಳು? ಇಂಟರ್ನ್‌ಷಿಪ್ ಎಲ್ಲಿ, ಎಷ್ಟು ತಿಂಗಳು? ಆ ಪದವಿಗೆ ಆ ದೇಶದಲ್ಲೇ ವೈದ್ಯ ವೃತ್ತಿಯ ಲೈಸೆನ್ಸ್ ಸಿಗುತ್ತಾ? ಉತ್ತರ ಬಾಯಲ್ಲಿ ಬಂದರೆ ನಂಬಬೇಡಿ. ಆಯೋಗದ ನಿಯಮದ ಜೊತೆ ನೀವೇ ಹೋಲಿಸಿ ನೋಡಿ.

ಇಷ್ಟು ಹೇಳಿ ನಾನು ಮಾತು ಮುಗಿಸಬಹುದಿತ್ತು. ಆದರೆ ಆ ಹುಡುಗಿಯ ಹತ್ತಿರವೂ ಮಾತಾಡಿದೆ. ಅವಳು ಒಂದು ಮಾತು ಹೇಳಿದಳು.

"ಸರ್, ರಾತ್ರಿ ಮೂರು ಗಂಟೆಗೆ ರೋಗಿಯ ಬಿ.ಪಿ. ಬಿದ್ದರೆ ಮೊದಲು ಗೊತ್ತಾಗೋದು ನನಗೆ. ಡಾಕ್ಟರಿಗೆ ಫೋನ್ ಮಾಡಿ ಏನಾಗ್ತಿದೆ ಅಂತ ಹೇಳೋದು ನಾನು. ಆದರೆ ನಾನು ಡಾಕ್ಟರ್ ಆಗಬೇಕು ಅಂದ್ರೆ, ಕಲ್ಲನ್ನು ಮೇಲಕ್ಕೆ ಎಸೆದರೆ ಎಷ್ಟು ದೂರ ಹೋಗಿ ಬೀಳುತ್ತೆ ಅಂತ ಲೆಕ್ಕ ಮಾಡಬೇಕು."

ನನಗೆ ಉತ್ತರ ಹೊಳೆಯಲಿಲ್ಲ.

ಅವಳು ಹೇಳಿದ್ದು ನೀಟ್‌ನ ಫಿಸಿಕ್ಸ್ ಬಗ್ಗೆ. ನಮ್ಮಲ್ಲಿ ಪದವೀಧರನಿಗೂ ಮೆಡಿಕಲ್‌ಗೆ ಬಾಗಿಲು ಒಂದೇ. 17 ವರ್ಷದ ಮಕ್ಕಳ ಜೊತೆ ಕೂತು, ಪಿಯುಸಿ ಪಾಠದ 180 ಪ್ರಶ್ನೆಗೆ ಉತ್ತರ ಬರೆಯಬೇಕು. 2024ರಲ್ಲಿ ಆ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ಪಾಸಾದರೂ ನರ್ಸಿಂಗ್‌ನಲ್ಲಿ ಓದಿದ ಅಂಗರಚನೆಗೆ ಬೆಲೆ ಇಲ್ಲ, ಐಸಿಯುನಲ್ಲಿ ಕಳೆದ ರಾತ್ರಿಗಳಿಗೆ ಬೆಲೆ ಇಲ್ಲ. ಮೊದಲ ವರ್ಷದಿಂದ ಶುರು, ನಾಲ್ಕೂವರೆ ವರ್ಷ, ಆಮೇಲೆ ಇಂಟರ್ನ್‌ಷಿಪ್. 2022ರಲ್ಲಿ ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿ ತೆಗೆದರು. ಒಳ್ಳೆಯದು. ಆದರೆ ವಯಸ್ಸಾದವರು ಬರಬಹುದು ಅಂತ ಹೇಳಿದರೇ ಹೊರತು, ಅವರು ಏನು ತಿಳಿದುಕೊಂಡು ಬಂದಿದ್ದಾರೆ ಅಂತ ಯಾರೂ ಕೇಳಲಿಲ್ಲ.

ಇದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಪಿಯುಸಿ ಮುಗಿಸಿ ಲಾ ಸೇರಿದರೆ ಐದು ವರ್ಷ. ಡಿಗ್ರಿ ಮುಗಿಸಿ ಸೇರಿದರೆ ಮೂರೇ ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದ ಹುಡುಗ ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರ್ತಾನೆ. ವಕೀಲನಿಗೆ ಆಗುತ್ತೆ, ಇಂಜಿನಿಯರ್‌ಗೆ ಆಗುತ್ತೆ. ನರ್ಸಿಗೆ, ಫಾರ್ಮಸಿ ಓದಿದವರಿಗೆ, ಫಿಸಿಯೋಥೆರಪಿ ಓದಿದವರಿಗೆ ಯಾಕೆ ಆಗಬಾರದು?

ಒಂದು ಆಕ್ಷೇಪ ಬರುತ್ತೆ, ಗೊತ್ತು. "ಜೀವದ ಪ್ರಶ್ನೆ ಸ್ವಾಮಿ, ಅರೆಬರೆ ಡಾಕ್ಟರುಗಳನ್ನು ತಯಾರು ಮಾಡ್ತೀರಾ?" ನ್ಯಾಯವಾದ ಪ್ರಶ್ನೆ. ಅದಕ್ಕೇ ಹೇಳಿದ್ದು, ವಾರ್ಡಿನ ಕಾಲ ಒಂದು ದಿನವೂ ಕಡಿಮೆ ಆಗಬಾರದು. ಕೊನೆಯ ಪರೀಕ್ಷೆ ಎಲ್ಲರಿಗೂ ಒಂದೇ ಇರಬೇಕು. ಇನ್ನೊಂದು ಭಯವೂ ಇದೆ. ದುಡ್ಡಿದ್ದವರು ಇದನ್ನೂ ಹಿಂಬಾಗಿಲು ಮಾಡಿಕೊಂಡರೆ? ಆಗಬಾರದು ಅಂದರೆ ಸರ್ಕಾರಿ ಕಾಲೇಜುಗಳಲ್ಲಿ, ಮೀಸಲಾತಿ ಸಮೇತ, ಪ್ರತ್ಯೇಕ ಪರೀಕ್ಷೆ ಇಟ್ಟು, ಕೆಲವೇ ಸೀಟುಗಳಿಂದ ಶುರು ಮಾಡಲಿ. ಮ್ಯಾನೇಜ್‌ಮೆಂಟ್ ಕೋಟಾ ಅನ್ನೋ ಮಾತೇ ಬೇಡ. ಹಳ್ಳಿಯ ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕೆಲಸ ಮಾಡ್ತೀನಿ ಅಂತ ಬರೆಸಿಕೊಳ್ಳಲಿ. ಆ ಹುಡುಗಿ ಸಹಿ ಹಾಕಲ್ಲ ಅಂತಾಳಾ? ಅವಳು ಹುಟ್ಟಿದ್ದೇ ಹಳ್ಳಿಯಲ್ಲಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ತೀನಿ. ನೀಟ್ ಫಲಿತಾಂಶ ಬಂದ ದಿನ ನಾವು ಟಿವಿಯವರು ರ‍್ಯಾಂಕ್ ಬಂದ ಮಕ್ಕಳ ಬಾಯಿಗೆ ಸ್ವೀಟ್ ಇಡುವುದನ್ನು ತೋರಿಸ್ತೀವಿ. ಅದೇ ಹೊತ್ತಿಗೆ ಪರದೆಯ ಕೆಳಗೆ "ವಿದೇಶದಲ್ಲಿ ಮೆಡಿಕಲ್, ಇಂದೇ ಕರೆ ಮಾಡಿ" ಅನ್ನೋ ಸಾಲು ಓಡ್ತಾ ಇರುತ್ತೆ. ಸೀಟು ಸಿಗದ ಲಕ್ಷಾಂತರ ಮಕ್ಕಳು ಆಮೇಲೆ ಏನಾದರು ಅಂತ ನಾವು ಕೇಳುವುದಿಲ್ಲ. ಆ ಸಾಲು ಓದಿ ಫೋನ್ ಮಾಡುವವರು ಅವರೇ. ಇಲ್ಲಿ ದಾರಿ ಕಾಣದವರಿಗೆ ಏಜೆಂಟ್ ಹೇಳಿದ್ದೆಲ್ಲ ದಾರಿಯಾಗಿ ಕಾಣುತ್ತೆ. ಅವರನ್ನು ಬೈದು ಪ್ರಯೋಜನ ಇಲ್ಲ.

ಮೂರನೇ ದಿನ ಆ ಹಿರಿಯರಿಗೆ ನಾನೇ ಫೋನ್ ಮಾಡಿದೆ. "ಮಾರಬೇಡಿ ಯಜಮಾನ್ರೇ" ಅಂದೆ. ಯಾಕೆ ಅಂತ 54 ತಿಂಗಳ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮತ್ತೆ ಮಗಳಿಗೆ ಏನಂತ ಹೇಳ್ಲಿ ಸಾರ್?" ಅಂದರು.

ತೋಟ ಉಳಿಯಿತು. ಆ ಪ್ರಶ್ನೆಯೂ ಉಳಿಯಿತು. ಹುಡುಗಿ ಮತ್ತೆ ನೀಟ್ ಬರೆಯಲು ತೀರ್ಮಾನ ಮಾಡಿದ್ದಾಳೆ. ನೈಟ್ ಡ್ಯೂಟಿ ಮುಗಿಸಿ ಹಾಸ್ಟೆಲಿಗೆ ಬಂದು ಪಿಯುಸಿ ಫಿಸಿಕ್ಸ್ ಪುಸ್ತಕ ಬಿಚ್ಚುತ್ತಾಳೆ. ಅವಳಿಗೆ ಒಳ್ಳೆಯದಾಗಲಿ. ಆದರೆ ಅವಳಪ್ಪ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಟಿವಿಯಲ್ಲಿ ಮಾತಾಡುವ ನಾನಲ್ಲ. ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಆರೋಗ್ಯ ಖಾತೆ ಹಿಡಿದು ಕೂತವರು ಕೊಡಬೇಕು. ಕೊಡುವವರೆಗೆ ನಾನೂ ಕೇಳ್ತಾ ಇರ್ತೀನಿ, ನೀವೂ ಕೇಳಿ.